ಕಡಲಿಗಿಳಿಯದೆ ಕರಾವಳಿ ಯಾನ

ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ, ಸಾಗರದ ಮಗ್ಗುಲಲ್ಲೇ ಇದ್ದೂ ಅದರ ಅಲೆಗಳ ಹೊಡೆತಕ್ಕೆ ಸಿಗದೆ ಸಾಗುವ ಜಲಮಾರ್ಗವೇ ಅಟ್ಲಾಂಟಿಕ್ ಇಂಟ್ರಾಕೋಸ್ಟಲ್ ವಾಟರ್‌ವೇ. ವರ್ಜೀನಿಯಾದ ನಾರ್ಫೋಕ್ ಇದರ ಸೊನ್ನೆ ಮೈಲಿ. ಅಲ್ಲಿಂದ ಎರಡೂ ಕೆರೊಲಿನಾ, ಜಾರ್ಜಿಯಾ ದಾಟಿ ಫ್ಲಾರಿಡಾದ ಮಯಾಮಿ ಮುಟ್ಟುವ ಹೊತ್ತಿಗೆ ಸುಮಾರು 1,090 ಮೈಲಿ, ಅಂದರೆ 1,750 ಕಿ.ಮೀ. ಆಗುತ್ತದೆ. ಇದಷ್ಟೂ ಅಗೆದ ಕಾಲುವೆಯಲ್ಲ. ನದಿ, ಅಳಿವೆ, ದ್ವೀಪಸಾಲಿನ ಹಿಂದಿನ ಹಿನ್ನೀರುಗಳೇ ಹೆಚ್ಚು. ಅವುಗಳನ್ನು ಕೂಡಿಸಲು ನಡುನಡುವೆ ಕಾಲುವೆ ತೋಡಲಾಗಿದೆ.

ಜೌಗು ಮರಗಳ ಕಷಾಯದಿಂದ ಚಹಾ ಬಣ್ಣಕ್ಕೆ ತಿರುಗಿದ ನೀರಿನ ಡಿಸ್ಮಲ್ ಸ್ವಾಂಪ್ ಕಾಲುವೆ 1805ರಲ್ಲೇ ಸಂಚಾರಕ್ಕೆ ತೆರೆದಿತ್ತು. ಕರಾವಳಿಗೆಲ್ಲ ಒಂದೇ ಒಳದಾರಿ ಬೇಕೆಂದು ಹಣಕಾಸು ಕಾರ್ಯದರ್ಶಿ ಆಲ್ಬರ್ಟ್ ಗ್ಯಾಲಟಿನ್ 1808ರ ವರದಿಯಲ್ಲಿ ಸೂಚಿಸಿದರು. ಅದು ಕೈಗೂಡಲು ಶತಮಾನ ದಾಟಿತು. 1942ರಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ತೀರದಾಚೆ ಹಡಗುಗಳನ್ನು ಮುಳುಗಿಸುತ್ತಿದ್ದಾಗ ಈ ಒಳದಾರಿಯ ಬೆಲೆ ತಿಳಿಯಿತು. ಈಗ ಸರಕು ಸಾಗಣೆಗಿಂತ ವಿಹಾರ ದೋಣಿಗಳೇ ಹೆಚ್ಚು. ಚಂಡಮಾರುತದ ಕಾಲ ಮುಗಿಯುತ್ತ ಬಂದಂತೆ, ಶರತ್ಕಾಲದ ಕೊನೆಗೆ ದಕ್ಷಿಣದ ಬಿಸಿಲಿಗೆ ಹೊರಡುವ ದೋಣಿಗಳು ವಸಂತದಲ್ಲಿ ಉತ್ತರಕ್ಕೆ ಮರಳುತ್ತವೆ.

ಇಲ್ಲಿ ಅಲೆಗಳ ಅಂಜಿಕೆಯಿಲ್ಲ, ಆದರೆ ಆಳದ ಲೆಕ್ಕ ತಪ್ಪುವಂತಿಲ್ಲ. ದಾರಿಯ ಬಹುಭಾಗಕ್ಕೆ 12 ಅಡಿ ಆಳ ನಿಗದಿಯಾಗಿದ್ದರೂ ಅಳಿವೆಬಾಯಿಗಳಲ್ಲಿ ಮರಳು ತುಂಬುತ್ತಲೇ ಇರುತ್ತದೆ. ಹೂಳೆತ್ತುವ ಹೊಣೆ ಸೇನೆಯ ಎಂಜಿನಿಯರ್‌ಗಳ ದಳದ್ದು. ತಲೆಯ ಮೇಲಿನ ಅಳತೆಯೂ ಅಷ್ಟೇ ಮುಖ್ಯ. ತೆರೆಯದ ಸೇತುವೆಗಳು ಸಾಮಾನ್ಯವಾಗಿ ನೀರಿನಿಂದ 65 ಅಡಿ ಎತ್ತರದಲ್ಲಿವೆ. ಮಯಾಮಿಯ ಜೂಲಿಯಾ ಟಟಲ್ ಸೇತುವೆಯದು 56 ಅಡಿ ಮಾತ್ರ. ಅದಕ್ಕಿಂತ ಎತ್ತರದ ಕೂವೆಮರವುಳ್ಳ ಹಾಯಿದೋಣಿ ಅಲ್ಲಿ ಕಡಲಿಗಿಳಿದೇ ಸುತ್ತಿ ಬರಬೇಕು. ಕೆಂಪು, ಹಸಿರು ಗುರುತುಗಂಬಗಳು ಅಳಿವೆಗಳ ಬಳಿ ಅದಲುಬದಲಾಗುವುದುಂಟು. ಆಗ ನಂಬಬೇಕಾದದ್ದು ಅವುಗಳ ಮೇಲಿನ ಹಳದಿ ಚಿಹ್ನೆಯನ್ನು: ದಕ್ಷಿಣಕ್ಕೆ ಹೋಗುವಾಗ ಹಳದಿ ತ್ರಿಕೋನ ಬಲಕ್ಕೆ, ಹಳದಿ ಚೌಕ ಎಡಕ್ಕೆ ಇರಬೇಕು.

ಕತ್ತಲಲ್ಲಿ ಕಿರಿದಾದ ದಾರಿ ಹಿಡಿಯುವುದು ಅಪಾಯವಾದ್ದರಿಂದ ಸಂಜೆಗೆ ಲಂಗರು ಹಾಕುವುದು ವಾಡಿಕೆ. ಮುಖ್ಯ ದಾರಿಯಿಂದ ಒಳಸರಿದ, ಗಾಳಿಗೆ ಮರೆಯಾದ ತೊರೆ ಸಿಕ್ಕರೆ ಒಳ್ಳೆಯದು. ಕೆಸರು ತಳದಲ್ಲಿ ಲಂಗರು ಚೆನ್ನಾಗಿ ಕಚ್ಚುತ್ತದೆ. ದೋಣಿಯ ಮೂತಿಯನ್ನು ಗಾಳಿಗೋ ಸೆಳೆತಕ್ಕೋ ಎದುರು ನಿಲ್ಲಿಸಿ, ಲಂಗರನ್ನು ಎಸೆಯದೆ ತಳಕ್ಕೆ ಇಳಿಸಿ, ಹಿಂದೆ ಸರಿಯುತ್ತ ಹಗ್ಗ ಬಿಡುತ್ತಾರೆ. ಕೊನೆಗೆ ಎಂಜಿನ್ನನ್ನು ಹಿಮ್ಮುಖವಾಗಿ ಓಡಿಸಿ ಹಿಡಿತ ಪರೀಕ್ಷಿಸುತ್ತಾರೆ.

ಎಷ್ಟು ಹಗ್ಗ ಬಿಡಬೇಕು ಎಂಬುದರಲ್ಲೇ ಕಸುಬಿದೆ. ಎಳೆತ ಮೇಲ್ಮುಖವಾದರೆ ಲಂಗರು ಕಿತ್ತು ಬರುತ್ತದೆ. ಎಳೆತ ನೆಲಕ್ಕೆ ಒರಗಿದಂತೆ ಇರಬೇಕಾದರೆ, ನೀರಿನ ಆಳಕ್ಕೆ ದೋಣಿಯ ಮೂತಿಯ ಎತ್ತರವನ್ನೂ ಕೂಡಿಸಿ, ಆ ಮೊತ್ತದ ಏಳು ಪಟ್ಟು ಹಗ್ಗ ಇರಬೇಕೆಂಬುದು ರೂಢಿ. ಪೂರ್ತಿ ಸರಪಳಿಯಾದರೆ ಐದು ಪಟ್ಟು ಸಾಕು. ಜಾರ್ಜಿಯಾದಲ್ಲಿ ಉಬ್ಬರ ಇಳಿತಗಳ ಅಂತರ ಏಳರಿಂದ ಒಂಬತ್ತು ಅಡಿ. ಇಳಿತದ ವೇಳೆ ನೀರು 8 ಅಡಿ, ಮೂತಿಯ ಎತ್ತರ 4 ಅಡಿ ಎಂದು 84 ಅಡಿ ಹಗ್ಗ ಬಿಟ್ಟವರಿಗೆ, ನಡುರಾತ್ರಿ ನೀರು ಇನ್ನೂ 8 ಅಡಿ ಏರಿದಾಗ ಉಳಿಯುವುದು ಸುಮಾರು ನಾಲ್ಕು ಪಟ್ಟು ಮಾತ್ರ. ಬರಲಿರುವ ಉಬ್ಬರವನ್ನೂ ಸೇರಿಸಿ 140 ಅಡಿ ಬಿಟ್ಟರೆ ಲೆಕ್ಕ ಸರಿ.

ಸುಮಾರು ಆರು ಗಂಟೆಗೊಮ್ಮೆ ಸೆಳೆತ ದಿಕ್ಕು ಬದಲಿಸಿದಾಗ ದೋಣಿಯೂ ಲಂಗರಿನ ಸುತ್ತ ತಿರುಗುತ್ತದೆ. ಹಾಗಾಗಿ ಹಗ್ಗದ ಉದ್ದಕ್ಕೆ ತಕ್ಕ ವೃತ್ತದಷ್ಟು ಜಾಗ ಸುತ್ತಲೂ ಖಾಲಿ ಇರಬೇಕು, ಮೊದಲು ಬಂದ ದೋಣಿಗೆ ತೊಡಕಾಗಬಾರದು. ದಡದ ಮರ, ಕಂಬಗಳನ್ನು ಗುರುತಿಟ್ಟುಕೊಂಡು ದೋಣಿ ಜಾರುತ್ತಿದೆಯೇ ಎಂದು ನೋಡುತ್ತಾರೆ. ಈಗ ಮೊಬೈಲ್ ಆ್ಯಪ್‌ಗಳೂ ಎಚ್ಚರಿಸುತ್ತವೆ. ರಾತ್ರಿ ಸುತ್ತಲೂ ಕಾಣುವ ಬಿಳಿ ದೀಪ, ಹಗಲು ಕಪ್ಪು ಚೆಂಡು ಲಂಗರು ಹಾಕಿದ ದೋಣಿಯ ಗುರುತು. ಬೆಳಿಗ್ಗೆ ಹಗ್ಗ ಎಳೆದುಕೊಳ್ಳುತ್ತ ಲಂಗರಿನ ನೇರ ಮೇಲಕ್ಕೆ ಬಂದರೆ ಸಾಮಾನ್ಯವಾಗಿ ಅದು ಸುಲಭವಾಗಿ ಸಡಿಲುತ್ತದೆ. ಮುಳುಗಿದ ಮರದ ದಿಮ್ಮಿಗಳಿರುವ ನದಿಗಳಲ್ಲಿ ಮಾತ್ರ, ಸಿಕ್ಕಿಕೊಂಡರೆ ಹಿಂದಿನಿಂದ ಎಳೆದು ಬಿಡಿಸಲೆಂದು, ಲಂಗರಿನ ತಲೆಗೆ ತೇಲುಗುಂಡಿನ ಇನ್ನೊಂದು ಹಗ್ಗವನ್ನು ಮೊದಲೇ ಕಟ್ಟಿರುತ್ತಾರೆ.