ಕಿಸಾನ್ ರೈಲು: ಅಗ್ಗವಾದದ್ದು ಬಾಡಿಗೆ, ತಂಪಲ್ಲ

ಕಿಸಾನ್ ರೈಲು ಎಂದರೆ ಹಳಿಯ ಮೇಲೆ ಓಡುವ ಶೀತಲಗೃಹ ಎಂದೇ ಬಹಳ ಜನ ತಿಳಿದಿದ್ದಾರೆ. ಅದಕ್ಕೆ ಕಾರಣವೂ ಇದೆ. 2020ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಯೋಜನೆ ಪ್ರಕಟವಾದಾಗ ಶೈತ್ಯೀಕೃತ ಬೋಗಿಗಳ ಮಾತೇ ಮುಂದಿತ್ತು. ಆದರೆ ಆ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಲಾಲಿಯಿಂದ ಬಿಹಾರದ ದಾನಾಪುರಕ್ಕೆ ಮೊದಲ ರೈಲು ಹೊರಟಾಗಿನಿಂದಲೂ ಸರಕು ಹೊತ್ತದ್ದು ಹೆಚ್ಚಾಗಿ ಸಾಮಾನ್ಯ ಪಾರ್ಸೆಲ್ ವ್ಯಾನುಗಳು. ಆ ವರ್ಷ ರೈಲ್ವೆಯ ಬಳಿ ಇದ್ದ ಶೈತ್ಯೀಕೃತ ಪಾರ್ಸೆಲ್ ವ್ಯಾನುಗಳು ಬರೀ 9. ಒಂದೊಂದರಲ್ಲಿ ಹಿಡಿಯುವುದು 17 ಟನ್. 2023ರ ಜನವರಿ ಮುಗಿಯುವ ಹೊತ್ತಿಗೆ ಕಿಸಾನ್ ರೈಲುಗಳು ಸಾಗಿಸಿದ್ದ ಸರಕು ಸುಮಾರು 7.9 ಲಕ್ಷ ಟನ್!

ತಂಪು ಹೆಚ್ಚಿದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. ಬಾಳೆಕಾಯಿಯನ್ನು ಸುಮಾರು 13 ಡಿಗ್ರಿಗಿಂತ ಕೆಳಗಿಟ್ಟರೆ ಸಿಪ್ಪೆ ಕಂದುತ್ತದೆ, ಕಾಯಿ ಸರಿಯಾಗಿ ಮಾಗುವುದಿಲ್ಲ. ಮಾವಿನ ಕಥೆಯೂ ಹೆಚ್ಚುಕಡಿಮೆ ಹಾಗೆಯೇ. ಹಸಿ ಬಟಾಣಿಗೆ, ಹೂಕೋಸಿಗೆ ಸೊನ್ನೆಯ ಹತ್ತಿರದ ಚಳಿ ಬೇಕು. ಈರುಳ್ಳಿಗೋ, ಎರಡು ಮೂರು ದಿನದ ಪಯಣದಲ್ಲಿ ಒಣ ಗಾಳಿ ಆಡಿದರೆ ಸಾಕು. ಇವನ್ನೆಲ್ಲ ಒಂದೇ ವ್ಯಾನಿಗೆ ತುಂಬಿದರೆ ಯಾವುದೋ ಒಂದು ಕೆಟ್ಟೇ ಕೆಡುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಶೈತ್ಯ ವ್ಯಾನು ತಂಪನ್ನು ಕಾಯುತ್ತದೆಯೇ ಹೊರತು, ಬಿಸಿಲಲ್ಲಿ ಕಿತ್ತು ತಂದ ರಾಶಿಯನ್ನು ಬೇಗ ತಣಿಸಲಾರದು. ಆ ಕೆಲಸ ಲೋಡ್ ಮಾಡುವ ಮೊದಲೇ, ಪ್ಯಾಕಿಂಗ್ ಕೇಂದ್ರದಲ್ಲಿ ಆಗಬೇಕು. ಊರ ಹತ್ತಿರ ಅಂಥ ಸೌಲಭ್ಯವಿಲ್ಲದೆ ಬರೀ ಬೋಗಿ ಕೇಳುವುದು ಅರ್ಧ ಬೇಡಿಕೆ.

ಬೋಗಿ ತುಂಬುವಷ್ಟು ಮಾಲು ಇರಲೇಬೇಕೆಂದು ಹಿಂಜರಿದವರೂ ಉಂಟು. ಕಿಸಾನ್ ರೈಲಿಗೆ ಕನಿಷ್ಠ ಪ್ರಮಾಣದ ಮಿತಿಯೇ ಇರಲಿಲ್ಲ. 3 ಕಿಲೋ ದಾಳಿಂಬೆಯ ಪಾರ್ಸೆಲ್ ಕೂಡ ಹೋಗಿದೆ ಎಂದು ನೂರನೇ ರೈಲಿಗೆ ಚಾಲನೆ ಕೊಡುವಾಗ ಪ್ರಧಾನಿಯೇ ಹೇಳಿದ್ದರು. ದೂರದ ಮಾರುಕಟ್ಟೆ ಕರ್ನಾಟಕಕ್ಕೂ ತೆರೆಯಿತು: 2021ರಲ್ಲಿ ಕೋಲಾರ ಜಿಲ್ಲೆಯ ದೊಡ್ಡನತ್ತ ನಿಲ್ದಾಣದಿಂದ ಮಾವು ದೆಹಲಿಯ ಆದರ್ಶನಗರಕ್ಕೆ ಹೋಯಿತು.

ಸಬ್ಸಿಡಿ ರೈತರ ಖಾತೆಗೆ ಬರುತ್ತದೆಂಬುದು ಮತ್ತೊಂದು ತಪ್ಪು ತಿಳಿವಳಿಕೆ. ‘ಆಪರೇಷನ್ ಗ್ರೀನ್ಸ್’ ಅಡಿಯಲ್ಲಿ 2020ರ ಅಕ್ಟೋಬರ್ 14ರಿಂದ ಬುಕಿಂಗ್ ಕೌಂಟರಿನಲ್ಲೇ ಅರ್ಧ ಬಾಡಿಗೆ ಪಡೆಯುತ್ತಿದ್ದರು. ಉಳಿದರ್ಧವನ್ನು ಆಹಾರ ಸಂಸ್ಕರಣಾ ಸಚಿವಾಲಯ ರೈಲ್ವೆಗೆ ತುಂಬಿಕೊಡುತ್ತಿತ್ತು. ಪಟ್ಟಿಯಲ್ಲಿದ್ದದ್ದು ಹಣ್ಣು, ತರಕಾರಿ ಮಾತ್ರ. ಹೂವು, ಮೀನು ಇರಲಿಲ್ಲ. ಕಳಿಸುವವರು ರೈತರೇ ಆಗಬೇಕೆಂದೂ ಇರಲಿಲ್ಲ, ವ್ಯಾಪಾರಿಗೂ ಅದೇ ದರ. ಹಾಗಾಗಿ ತೋಟದ ಬಾಗಿಲಲ್ಲೇ ಮಾರಿದ ಬೆಳೆಗಾರನಿಗೆ ಈ ಲಾಭ ತಲುಪಿತೇ ಎಂಬುದು ಅವನು ಕುದುರಿಸಿದ ಬೆಲೆಗೆ ಬಿಟ್ಟದ್ದು.

ಇದು ಅವಧಿ ಕಟ್ಟಿದ ರಿಯಾಯಿತಿಯಾಗಿತ್ತು, ಕಾಯಂ ಹಕ್ಕಲ್ಲ. ಈ ಹಂಗಾಮಿನಲ್ಲಿ ಮಾಲು ಕಳಿಸುವವರು ಕೊಯ್ಲಿಗೆ ಮೊದಲೇ ಹತ್ತಿರದ ಪಾರ್ಸೆಲ್ ಕಚೇರಿಯಲ್ಲಿ ಇಂದಿನ ದರ, ವ್ಯಾನಿನ ಬಗೆ, ಇಳಿಸುವ ನಿಲ್ದಾಣ ಮೂರನ್ನೂ ಕೇಳಿ ತಿಳಿದುಕೊಳ್ಳಲಿ.