ಸಾಲದ ಲೆಕ್ಕ ಮುಚ್ಚಿಡಬೇಡಿ



“ನಮ್ಮ ಸಾಲಸೋಲ ಬರೆದುಕೊಂಡು ಹೋಗಲು ಸಾರ್ವಜನಿಕರ ಹಣ ಏಕೆ?” ಎಂದು ಸದಸ್ಯರೊಬ್ಬರು ಕೇಳಿದರು. ಹಳೆಯ ಸಂಗತಿಯೊಂದನ್ನು ನೆನಪಿಸುತ್ತೇನೆ.

1951-52ರಲ್ಲಿ ರಿಸರ್ವ್ ಬ್ಯಾಂಕು 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿಸಿತು. ಗೋರ್‌ವಾಲಾ ಸಮಿತಿಯ ವರದಿ 1954ರಲ್ಲಿ ಹೊರಬಂತು. ರೈತರ ಸಾಲದಲ್ಲಿ ಲೇವಾದೇವಿಗಾರರ ಪಾಲು ನೂರಕ್ಕೆ ಸುಮಾರು 70. ಸಹಕಾರ ಸಂಘಗಳದು ಬರೀ 3! ಸಂಘಗಳಲ್ಲಿ ಸರ್ಕಾರ ಷೇರು ಹಾಕಿದ್ದು, 1955ರಲ್ಲಿ ಸ್ಟೇಟ್ ಬ್ಯಾಂಕು ಹುಟ್ಟಿದ್ದು ಆ ಶಿಫಾರಸಿನಿಂದಲೇ. ಷೇರಿನ ಹಿಂದೆಯೇ ಸರ್ಕಾರದ ಹಿಡಿತವೂ ಬಂತೆನ್ನುವುದು ನಿಜ.

2019ರಲ್ಲೂ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಸಾಲದ ಲೆಕ್ಕ ಕೇಳಿದರು. ಮರ್ಯಾದೆಗೆ ಅಂಜಿ ಕೈಸಾಲ ಮುಚ್ಚಿಟ್ಟವರಲ್ಲಿ ನಾನೂ ಒಬ್ಬ. ಆದರೆ ನಾವು ಹೇಳದ ಸಾಲ ಸರ್ಕಾರದ ಲೆಕ್ಕಕ್ಕೆ ಸಿಗದು. ಮುಂದೆ ಕೇಳಲು ಬಂದವರಿಗೆ ಕಾಫಿ ಕೊಡಿ. ಇದ್ದದ್ದನ್ನು ಇದ್ದಂತೆ ಹೇಳಿ.

— ಕಾರ್ಯದರ್ಶಿ