ಕೋಟೆ ಕಟ್ಟುತ್ತಿದ್ದೆ, ಪಾತಿ ಒಡೆಯಿತು

ಆವತ್ತು ರಾತ್ರಿ ಹನ್ನೆರಡೂವರೆ. ನಮ್ಮ ‘ವಾರ್’ ಮುಗಿಯಲು ಇನ್ನು ಇಪ್ಪತ್ತು ನಿಮಿಷ ಮಾತ್ರ ಬಾಕಿ ಇತ್ತು. ಎದುರಾಳಿಗಳಿಗಿಂತ ನಾವು ಎರಡು ಸ್ಟಾರ್ ಹಿಂದಿದ್ದೆವು. ಕೊನೆಯ ದಾಳಿ ನನ್ನದು. ಹರವೆಯ ನಮ್ಮ ಹೊಲದ ಪಂಪ್‌ಸೆಟ್ ಮನೆಯ ಪಕ್ಕ, ನೆಟ್‌ವರ್ಕ್ ಎರಡು ಕಡ್ಡಿ ತೋರಿಸುವ ಜಾಗ ಹುಡುಕಿಕೊಂಡು ಕೂತಿದ್ದೆ. ಮೂರು ನಿಮಿಷದಲ್ಲಿ ಎದುರಾಳಿಯ ಕೋಟೆ ಪೂರ್ತಿ ನೆಲಸಮ. ಮೂರು ಸ್ಟಾರ್! ಗ್ರೂಪಿನಲ್ಲಿ ಅಭಿನಂದನೆಗಳ ಸುರಿಮಳೆ. ಅದನ್ನೆಲ್ಲ ಓದಿ, ಉತ್ತರ ಕೊಟ್ಟು, ಗೆಲುವಿನ ವಿಡಿಯೊವನ್ನು ಎರಡು ಸಲ ನೋಡಿ ತಲೆ ಎತ್ತುವಷ್ಟರಲ್ಲಿ ಎರಡು ಗಂಟೆ.

ನಾನು ಹೊಲಕ್ಕೆ ಬಂದಿದ್ದು ಆಟ ಆಡಲು ಅಲ್ಲ. ಅಪ್ಪನಿಗೆ ಸೊಂಟ ಹಿಡಿದಿತ್ತು. ‘ಹನ್ನೊಂದಕ್ಕ ತ್ರೀಫೇಸ್ ಬತ್ತದ ಕನಾ. ಒಂದು ಗಂಟ ಆದ್ಮೇಲ ನೀರ ಆ ಕಡಕ್ಕ ತಿರುಗ್ಸು, ಮರೀಬ್ಯಾಡ’ ಎಂದು ಹೇಳಿ ಕಳಿಸಿದ್ದರು. ನಾನು ಮರೆತಿದ್ದೆ. ಟಾರ್ಚ್ ಹಿಡಿದು ಓಡಿದರೆ ಸಣ್ಣ ಈರುಳ್ಳಿಯ ಪಾತಿಗಳು ಕೆರೆಯಂತಾಗಿದ್ದವು. ಬದು ಒಡೆದು ಪಕ್ಕದ ಪಾತಿಗೂ ನೀರು ನುಗ್ಗಿತ್ತು. ಕೀಳಲು ಮೂರು ವಾರವಷ್ಟೇ ಉಳಿದಿದ್ದ ಬೆಳೆ. ನೀರು ನಿಂತ ಭಾಗ ಕೊಳೆಯಿತು.

ಬೆಳಿಗ್ಗೆ ಅಪ್ಪ ಬಂದು ನೋಡಿದರು. ಬೈಯಲಿಲ್ಲ. ‘ಹೋಗ್ಲಿ ಬುಡು, ನಾನೇ ಬರ್ಬೇಕಾಗಿತ್ತು’ ಎಂದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಏನಿದೆ ಈ ಆಟದಲ್ಲಿ?

ನಾನು ಆಡುತ್ತಿದ್ದುದು ‘ಕ್ಲ್ಯಾಶ್ ಆಫ್ ಕ್ಲಾನ್ಸ್’. ಫಿನ್ಲೆಂಡಿನ ಸೂಪರ್‌ಸೆಲ್ ಕಂಪನಿ 2012ರಲ್ಲಿ ಐಫೋನ್‌ಗೆ, 2013ರಲ್ಲಿ ಆಂಡ್ರಾಯ್ಡ್‌ಗೆ ತಂದ ಆಟ. ಚಾಮರಾಜನಗರಕ್ಕೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಗೆಳೆಯ ಕಲಿಸಿದ್ದ. ಒಂದು ಹಳ್ಳಿ ಕಟ್ಟಬೇಕು, ಸುತ್ತ ಗೋಡೆ ಎಬ್ಬಿಸಬೇಕು, ಫಿರಂಗಿ ಇಡಬೇಕು. ಚಿನ್ನ ಮತ್ತು ಎಲಿಕ್ಸಿರ್ ಕೂಡಿಡಬೇಕು. ಮಾಂತ್ರಿಕರು, ರಾಕ್ಷಸ ಗಾತ್ರದ ದೈತ್ಯರು, ಬೆಂಕಿಯುಗುಳುವ ಡ್ರ್ಯಾಗನ್‌ಗಳನ್ನು ಕಟ್ಟಿಕೊಂಡು ಬೇರೆಯವರ ಹಳ್ಳಿಯ ಮೇಲೆ ದಾಳಿ ಮಾಡಬೇಕು.

ಇಂಥ ಆಟ ನಮಗೇನೂ ಹೊಸದಲ್ಲ. ನಮ್ಮ ಕಡೆ ಹಳೆಯ ದೇವಸ್ಥಾನಗಳ ಜಗಲಿಯ ಕಲ್ಲಿನಲ್ಲಿ ಹುಲಿ–ಕುರಿ ಆಟದ ಗೆರೆಗಳನ್ನು ಈಗಲೂ ಕಾಣಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ್ ಸ್ವತಃ ಎಷ್ಟೋ ಮಣೆ ಆಟಗಳನ್ನು ರೂಪಿಸಿದವರು. ಅವರ ತಂದೆ ಚಾಮರಾಜ ಒಡೆಯರ್ ಹುಟ್ಟಿದ ಊರೆಂದೇ ಅರಿಕುಠಾರ ಚಾಮರಾಜನಗರವಾಯಿತು. ಬುದ್ಧಿಯಿಂದ ಆಡುವ ಆಟ ಕೆಟ್ಟದ್ದೆಂದು ನಮ್ಮ ಹಿರಿಯರು ಯಾವತ್ತೂ ಹೇಳಿರಲಿಕ್ಕಿಲ್ಲ.

ನಿಜ ಹೇಳಬೇಕೆಂದರೆ ಈ ಆಟ ನನಗೆ ಕಲಿಸಿದ್ದೂ ಉಂಟು. ಸಾಮಾನ್ಯ ದಾಳಿಗೆ ಮುಂಚೆ ಎದುರಾಳಿಯ ಕೋಟೆ ನೋಡಲು ಅರ್ಧ ನಿಮಿಷ ಸಿಗುತ್ತದೆ. ಯಾವ ಮೂಲೆ ದುರ್ಬಲ, ಯಾರನ್ನು ಮೊದಲು ಕಳಿಸಬೇಕು, ಯಾರನ್ನು ಕೊನೆಗೆ ಉಳಿಸಿಕೊಳ್ಳಬೇಕು ಎಂದು ಅಷ್ಟರಲ್ಲೇ ತೀರ್ಮಾನಿಸಬೇಕು. ಒಮ್ಮೆ ಇಳಿಸಿದ ಸೈನಿಕನಿಗೆ ‘ಈ ಕಡೆ ಹೋಗು’ ಎನ್ನುವಂತಿಲ್ಲ. ಹಾಗಾಗಿ ಯೋಚನೆಯೆಲ್ಲ ಮೊದಲೇ ಮುಗಿದಿರಬೇಕು. ಸೋತರೆ ರೀಪ್ಲೇ ನೋಡಿ ಎಲ್ಲಿ ತಪ್ಪಿದೆ ಎಂದು ತಿಳಿಯಬಹುದು. ಅಣಕು ಪರೀಕ್ಷೆ ಬರೆದ ಮೇಲೆ ತಪ್ಪು ಉತ್ತರಗಳನ್ನು ಮತ್ತೆ ಬಿಡಿಸುವ ರೂಢಿ ನನಗೆ ಬಂದದ್ದು ಅಲ್ಲಿಂದಲೇ.

ಇನ್ನೊಂದು ಗುಣ ‘ಕ್ಲಾನ್’. ಐವತ್ತು ಜನರವರೆಗೆ ಒಂದು ಗುಂಪು. ನಮ್ಮ ಗುಂಪಿನಲ್ಲಿ ಗುಂಡ್ಲುಪೇಟೆಯ ಗ್ಯಾರೇಜ್ ಹುಡುಗ, ಮೈಸೂರಿನ ನರ್ಸಿಂಗ್ ವಿದ್ಯಾರ್ಥಿ, ಬೆಂಗಳೂರಿನ ಡೆಲಿವರಿ ಅಣ್ಣ ಎಲ್ಲ ಇದ್ದರು. ಒಬ್ಬರಿಗೊಬ್ಬರು ಸೈನಿಕರನ್ನು ದಾನ ಕೊಡಬೇಕು. ಬರೀ ಕೇಳಿ, ಕೊಡದೇ ಇರುವವನನ್ನು ಗುಂಪು ಬೇಗ ಗುರುತಿಸುತ್ತದೆ. ಪದವಿ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಗ, ‘ಎಲ್ಲಿದ್ದೀಯೋ, ಎರಡು ದಿನದಿಂದ ಕಾಣಲಿಲ್ಲ’ ಎಂದು ಕೇಳಿದವರು ಅವರೇ.

ಎಲ್ಲಿ ಎಡವಿಸುತ್ತದೆ?

ಆಟ ಪುಕ್ಕಟೆ. ಆದರೆ ಕಾಯಬೇಕು. ಆರಂಭದಲ್ಲಿ ಸಿಗುವವರು ಇಬ್ಬರೇ ಕೆಲಸಗಾರರು. ಮೊದಮೊದಲು ನಿಮಿಷದಲ್ಲಿ ಮುಗಿಯುವ ಕಟ್ಟಡ, ಮೇಲಿನ ಹಂತಕ್ಕೆ ಹೋದಂತೆ ದಿನಗಟ್ಟಲೆ ಹಿಡಿಯುತ್ತದೆ. ಕಾಯಲಾಗದವರಿಗೆ ‘ಜೆಮ್’ ಇದೆ. ಗಿಡ, ಕಲ್ಲು ತೆಗೆದು ಒಂದಿಷ್ಟು ಜೆಮ್ ಬಿಟ್ಟಿಯಾಗಿ ಪಡೆಯಬಹುದು, ಸಾಲದಿದ್ದರೆ ದುಡ್ಡು. ಒಂದು ಸಲ ಯುಪಿಐ ಪಿನ್ ಒತ್ತಿದರೆ ಮುಗಿಯಿತು. ನಾನೂ ಒತ್ತಿದ್ದೇನೆ. ಪ್ರತಿ ಸಲವೂ ಒಂದು ರೀಚಾರ್ಜಿಗಿಂತ ಕಡಿಮೆ ಮೊತ್ತ. ಒಂದು ದಿನ ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಮಾಡಿಸಿ ಕೂಡಿಸಿದಾಗ, ಮೂರು ಪರೀಕ್ಷೆಗಳ ಅರ್ಜಿ ಶುಲ್ಕದಷ್ಟಾಗಿತ್ತು. ಅದು ಅವ್ವ ಹೂ ಬಿಡಿಸುವ ಕೂಲಿಯಿಂದ ನನ್ನ ಖರ್ಚಿಗೆ ಹಾಕಿಸಿದ ದುಡ್ಡು.

ಎರಡನೆಯದು, ಈ ಆಟಕ್ಕೆ ಕೊನೆಯೇ ಇಲ್ಲ. ಹುಲಿ–ಕುರಿ ಆಟ ಮುಗಿಯುತ್ತದೆ. ಕಲ್ಲು ಎತ್ತಿಟ್ಟು ಮನೆಗೆ ಹೋಗಬಹುದು. ಇಲ್ಲಿ ಟೌನ್‌ಹಾಲ್‌ನ 11ನೇ ಹಂತ 2015ರ ಡಿಸೆಂಬರ್‌ನಲ್ಲಿ ಬಂತು, 2024ರ ನವೆಂಬರ್ ಹೊತ್ತಿಗೆ 17ನೇ ಹಂತ. ನಾವು ತುದಿ ಮುಟ್ಟುವಷ್ಟರಲ್ಲಿ ಏಣಿಗೆ ಮತ್ತೊಂದು ಮೆಟ್ಟಿಲು ಸೇರಿರುತ್ತದೆ.

ಮೂರನೆಯದು ಗಡಿಯಾರ. ವಾರ್ ಎಂದರೆ ಒಂದು ದಿನ ತಯಾರಿ, ಒಂದು ದಿನ ಕದನ. ಅದು ಮುಗಿಯುವ ಹೊತ್ತು ನಮ್ಮ ಹೊಲದ ಕರೆಂಟನ್ನು ಕೇಳಿ ಬರುವುದಿಲ್ಲ. ದಾಳಿ ಮಾಡದಿದ್ದರೆ ಜತೆಗಾರರಿಗೆ ಮೋಸ ಮಾಡಿದಂತೆ ಅನ್ನಿಸುತ್ತದೆ. ಗೆಳೆತನ ಆಟದ ಒಳ್ಳೆಯ ಗುಣ ಎಂದೆನಲ್ಲ, ನಮ್ಮನ್ನು ಕಟ್ಟಿಹಾಕುವ ಹಗ್ಗವೂ ಅದೇ. ಮೊದಲು ಸೈನ್ಯ ತಯಾರಾಗಲು ಕಾಯಬೇಕಿತ್ತು, ಆ ನೆಪದಲ್ಲಾದರೂ ಫೋನ್ ಕೆಳಗಿಡುತ್ತಿದ್ದೆವು. 2025ರ ಮಾರ್ಚ್‌ನಲ್ಲಿ ಆ ಕಾಯುವಿಕೆಯನ್ನೂ ತೆಗೆದರು. ಆಟಗಾರರು ಸಂಭ್ರಮಪಟ್ಟರು. ನನಗೆ ಮಾತ್ರ, ಎದ್ದು ಹೋಗಲು ಇದ್ದ ಒಂದು ಬಾಗಿಲು ಮುಚ್ಚಿದಂತಾಯಿತು.

ಹಾಗೆಂದು ಈರುಳ್ಳಿ ಕೊಳೆತದ್ದಕ್ಕೆ ಆಟವನ್ನು ದೂರುವುದಿಲ್ಲ. ನೀರು ತಿರುಗಿಸಬೇಕಿದ್ದವನು ನಾನು.

ಬಿಟ್ಟೆನೇ?

ಆ ವಾರವೇ ಅನ್‌ಇನ್‌ಸ್ಟಾಲ್ ಮಾಡಿದೆ. ಹತ್ತು ದಿನಕ್ಕೆ ಮತ್ತೆ ಹಾಕಿಕೊಂಡೆ. ಖಾತೆ ಹಾಗೇ ಇತ್ತು, ಕೋಟೆಯೂ ಹಾಗೇ ಇತ್ತು. ಆಗ ಅರ್ಥವಾಗಿದ್ದು, ಸಿಟ್ಟಿನಲ್ಲಿ ಬಿಟ್ಟದ್ದು ನಿಲ್ಲುವುದಿಲ್ಲ ಎಂದು.

ಆಮೇಲೆ ಮೂರು ಕೆಲಸ ಮಾಡಿದೆ. ನೋಟಿಫಿಕೇಶನ್ ಪೂರ್ತಿ ಬಂದ್ ಮಾಡಿದೆ. ಫೋನಿನಿಂದ ದುಡ್ಡು ಕಟ್ಟುವ ದಾರಿ ತೆಗೆದೆ. ಪರೀಕ್ಷೆ ಮುಗಿಯುವವರೆಗೆ ವಾರ್‌ಗೆ ಸೇರುವುದಿಲ್ಲ ಎಂದು ಗುಂಪಿನಲ್ಲಿ ಹೇಳಿದೆ. ಇದನ್ನು ಹೇಳಲು ಅಂಜಿದ್ದೆ. ಡೆಲಿವರಿ ಅಣ್ಣ ಬರೆದದ್ದು ಒಂದೇ ಸಾಲು: ‘ಓದ್ಕೊಳಪ್ಪ, ಕೋಟೆ ಎಲ್ಲೂ ಓಡೋಗಲ್ಲ.’

ಈಗ ದಿನಕ್ಕೆ ಎರಡು ದಾಳಿ, ಸಂಜೆ ಊಟಕ್ಕೆ ಮುಂಚೆ. ಕೆಲವು ದಿನ ಮೂರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಹೊಲಕ್ಕೆ ಹೋಗುವಾಗ ಮನೆಯ ಹಳೆಯ ಕೀಪ್ಯಾಡ್ ಫೋನ್ ಒಯ್ಯುತ್ತೇನೆ. ಅದರಲ್ಲಿ ಅಲಾರಂ ಇದೆ, ಟಾರ್ಚ್ ಇದೆ, ಅಷ್ಟು ಸಾಕು.

ಗೆಳೆಯರೇ, ನೀವೂ ಇಂಥದೊಂದು ಆಟ ಆಡುತ್ತಿದ್ದರೆ ಬಿಟ್ಟುಬಿಡಿ ಎಂದು ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಒಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಾರಕ್ಕೆ ಎಷ್ಟು ಗಂಟೆ ಆಡಿದ್ದೀರಿ ಎಂಬ ಲೆಕ್ಕ ಇರುತ್ತದೆ, ಅದನ್ನೂ ನೋಡಿ. ಆ ಎರಡು ಅಂಕಿಗಳನ್ನು ಮನೆಯಲ್ಲಿ ಜೋರಾಗಿ ಓದಿ ಹೇಳಬಲ್ಲಿರಾದರೆ ಧೈರ್ಯವಾಗಿ ಆಡಿ. ನನಗೆ ಆಗ ಸಾಧ್ಯವಾಗಿರಲಿಲ್ಲ.

ಈ ವರ್ಷ ಮತ್ತೆ ಸಣ್ಣ ಈರುಳ್ಳಿ ಹಾಕಿದ್ದೇವೆ. ಪರೀಕ್ಷೆ ಬರೆದಿದ್ದೇನೆ, ಫಲಿತಾಂಶ ಬಂದಿಲ್ಲ. ಮೊನ್ನೆ ರಾತ್ರಿ ಕರೆಂಟಿನ ಹೊತ್ತಿಗೆ ನಾನು ಎದ್ದಾಗ ಅಪ್ಪ ಹಾಸಿಗೆಯಲ್ಲೇ ಮಗ್ಗುಲು ಬದಲಿಸಿ, ‘ಹೊಯ್ತಿದ್ದಯಾ?’ ಎಂದು ಕೇಳಿದರು. ‘ಹೂಂ’ ಎಂದೆ. ಹಿಂದೆಯೇ ಎದ್ದು ಬರುತ್ತಾರೇನೋ ಎಂದುಕೊಂಡೆ. ಬರಲಿಲ್ಲ, ನಿದ್ದೆ ಮಾಡಿದರು.